ಬಿಸಿಯಾಗುವ ಮುನ್ನ ನಿಲ್ಲಿಸಬಾರದು

ಹೊಳೆನರಸೀಪುರ
೪–೧–೧೯೯೯

ಕನಕಣ್ಣನಿಗೆ ಮೈತ್ರೇಯಿಯ ನಮಸ್ಕಾರ.

ಹೊಸ ವರ್ಷದ ಮೊದಲ ಭಾನುವಾರವೇ ಕಾರು ಸತಾಯಿಸಿತು. ಮೂರು ಸಲ ಕೀಲಿ ತಿರುಗಿಸಿದ ಮೇಲೆ ಹತ್ತಿಕೊಂಡಿತು. ಹತ್ತಿಕೊಂಡರೂ ಹಳ್ಳಿಮೈಸೂರು ಮುಟ್ಟುವವರೆಗೆ ಕುಂಟುತ್ತಲೇ ಬಂತು. ಅಪ್ಪ ಪಕ್ಕದ ಸೀಟಿನಲ್ಲಿ ಕಿವಿಗೊಟ್ಟು ಕೂತಿದ್ದರು. ಮನೆಗೆ ಬಂದವರೇ ಎಡಗೈಯಲ್ಲಿ ಸ್ಲೇಟಿನ ಮೇಲೆ ಬರೆದರು: "ಸೀಲು ಸವೆದಿದೆ. ಕನಕರಾಜುವಿಗೆ ಬರೆ." ಅದಕ್ಕೇ ಈ ಪತ್ರ.

ನೀವು ಅರಕಲಗೂಡಿಗೆ ಹೋಗಿ ಗ್ಯಾರೇಜು ಹಾಕಿದ ಮೇಲೆ ಇಲ್ಲಿ ಈ ಕಾರನ್ನು ಮುಟ್ಟುವವರಿಲ್ಲ. ಹೊಸ ಮೆಕ್ಯಾನಿಕ್ ಕೆಂಪಣ್ಣನನ್ನು ಕರೆಸಿದ್ದೆ. ಬಾನೆಟ್ ಎತ್ತಿ ಬಹಳ ಹೊತ್ತು ಹುಡುಕಿ, "ಇದ್ರಲ್ಲಿ ಪಿಸ್ಟನ್ನೇ ಇಲ್ಲ ಕಣಮ್ಮ, ಯಾರೋ ಬಿಚ್ಕೊಂಡ್ ಓಗವ್ರೆ" ಅಂದ. ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋದ ಈ ಎರಡು ವರ್ಷದಲ್ಲಿ ಅಪ್ಪ ಅಷ್ಟು ನಕ್ಕಿದ್ದು ಅದೇ ಮೊದಲು. ಇದು ರೋಟರಿ ಎಂಜಿನ್ನು, ಪಿಸ್ಟನ್ ಬದಲು ಮೂರು ಮೂಲೆಯ ರೋಟರು ಸುತ್ತುತ್ತದೆ ಅಂತ ಅವನಿಗೆ ಚಿತ್ರ ಬರೆದು ತೋರಿಸಿದರು. ಜಾಂಬಿಯಾದಲ್ಲಿ ಹನ್ನೊಂದು ವರ್ಷ ಗಣಿತ ಪಾಠ ಮಾಡಿ ಎಲ್ಲರೂ ಟೇಪ್ ರೆಕಾರ್ಡರು ತಂದರೆ, ಇವರು ಹಡಗಿನಲ್ಲಿ ಈ ಮಜ್ದಾ ತಂದರಲ್ಲ, ಆ ಹೆಮ್ಮೆ ಇನ್ನೂ ಇಳಿದಿಲ್ಲ.

ಅಪ್ಪ ಹೇಳಿಕೊಟ್ಟ ಹಾಗೆಯೇ ನಾನು ನಡೆಸಿದ್ದೇನೆ. ಹತ್ತಿದ ಎಂಜಿನ್ನನ್ನು ಬಿಸಿಯಾಗುವ ಮುನ್ನ ನಿಲ್ಲಿಸಿಲ್ಲ. ವಾರಕ್ಕೊಮ್ಮೆ ಜೋರಾಗಿ ಎಳೆದಿದ್ದೇನೆ. ಎಣ್ಣೆ ಕುಡಿದಷ್ಟೂ ಹಾಕಿದ್ದೇನೆ. ತಪ್ಪು ಎಲ್ಲಾಯಿತೋ ಗೊತ್ತಿಲ್ಲ.

ಇನ್ನೊಂದು ವಿಷಯವನ್ನು ನಿಮಗಲ್ಲದೆ ಯಾರಿಗೂ ಹೇಳುವ ಹಾಗಿಲ್ಲ. ಸರ್ಕಾರಿ ಪದವಿಪೂರ್ವ ಕಾಲೇಜಿಗೆ ಇಲ್ಲಿ ಹಂಗಾಮಿಯಾಗಿ ಪಾಠ ಮಾಡುತ್ತಿರುವ ನನ್ನನ್ನು ಕಾಯಂ ಉಪನ್ಯಾಸಕಿಯಾಗಿ ತೆಗೆದುಕೊಂಡಿದ್ದಾರೆ. ಜಾಗ ಬೀದರ್ ಜಿಲ್ಲೆಯ ಹುಮನಾಬಾದು. ಮೇ ೩೧ರೊಳಗೆ ಹಾಜರಾಗದಿದ್ದರೆ ಆದೇಶ ರದ್ದು. ಜುಲೈಗೆ ನನಗೆ ಮೂವತ್ತೈದು ತುಂಬುತ್ತದೆ, ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಅಪ್ಪನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಗೋದತ್ತೆ ಅಪ್ಪನನ್ನು ಚನ್ನರಾಯಪಟ್ಟಣದ ತಮ್ಮ ಮನೆಗೆ ಕರೆದುಕೊಂಡು ಹೋಗಲು ಬಂದಾಗ, "ಕಾರು ಓಡುತ್ತಿರುವವರೆಗೆ ಈ ಊರು ಬಿಡುವುದಿಲ್ಲ" ಅಂತ ಎಲ್ಲರ ಮುಂದೆ ಸ್ಲೇಟಿನಲ್ಲಿ ಬರೆದು ತೋರಿಸಿದರು. ಅತ್ತೆಯ ಬೀದಿಗೆ ಸೈಕಲ್ ಬಿಟ್ಟರೆ ಬೇರೇನೂ ನುಗ್ಗುವುದಿಲ್ಲ. ಸಂಪತ್ಕುಮಾರ ಮೇಷ್ಟರು ಕೊಟ್ಟ ಮಾತು ಎಂಥದ್ದು ಅಂತ ಅವರ ಶಿಷ್ಯನಿಗೆ ನಾನು ಹೇಳಬೇಕೆ? ಅವರು ಕಾರು ಬಿಡುವುದಿಲ್ಲ, ನಾನು ಅವರನ್ನು ಬಿಡುವ ಹಾಗಿಲ್ಲ. ಮೂವರೂ ಒಂದೇ ಶೆಡ್ಡಿನಲ್ಲಿದ್ದೇವೆ.

ಬಿಡುವಾದಾಗ ಬಂದು ಹೋಗಿ. ಗಾಡಿ ಚೆನ್ನಾಗಿದೆ. (ಡಾಕ್ಟರು "ಗಾಡಿ ಹಳೇದಾಯ್ತು ಮೇಷ್ಟ್ರೆ, ನಿಧಾನಕ್ಕೆ ಓಡಿಸಿ" ಅಂದ ದಿನದಿಂದ ನಮ್ಮನೆಯಲ್ಲಿ ಗಾಡಿ ಅಂದರೆ ಅಪ್ಪ, ಕಾರು ಅಂದರೆ ಕಾರು.)

ಇತಿ,
ಮೈತ್ರೇಯಿ


ಅರಕಲಗೂಡು
೧೧–೧–೧೯೯೯

ಮೈತ್ರಮ್ಮೋರಿಗೆ ಕನಕರಾಜುವಿನ ನಮಸ್ಕಾರಗಳು.

ಕಾಗದ ತಲುಪಿತು. ನಿಮ್ಮ ತಪ್ಪು ಏನೂ ಇಲ್ಲ. ರೋಟರಿನ ಮೂರು ಮೂಲೆಗೂ ಒಂದೊಂದು ಸೀಲು ಇರುತ್ತೆ, ಅದು ಸವೆದರೆ ಎಂಜಿನ್ನಿಗೆ ದಮ್ಮು ಸಾಲಲ್ಲ. ಹೊಸ ಸೀಲು ಇಲ್ಲಿ ಸಿಗೋ ಮಾತೇ ಇಲ್ಲ. ಇರೋದನ್ನೇ ಜೋಪಾನ ಮಾಡಬೇಕು. ಒಂದು ಮಾತ್ರ ಮರೀಬೇಡಿ. ತಣ್ಣಗಿದ್ದಾಗ ಹತ್ತಿಸಿ ತಕ್ಷಣ ಆರಿಸಿದರೆ ಒಳಗೆಲ್ಲ ಪೆಟ್ರೋಲು ತುಂಬಿಕೊಳ್ಳುತ್ತೆ. ಸೀಲು ಗಟ್ಟಿ ಇದ್ದಾಗಲಾದರೆ ಹೇಗೋ ಏಳಿಸಬಹುದು. ಈಗ ಆದರೆ ಏಳೋದು ಕಷ್ಟ.

ಕೆಂಪಣ್ಣನ ಮಾತು ಓದಿ ನಮ್ಮ ಗ್ಯಾರೇಜೆಲ್ಲ ನಕ್ಕಿತು. ನನಗೆ ಹಳ್ಳಿಮೈಸೂರಿನ ಅಜ್ಜಿ ನೆನಪಾಯಿತು. ಮೇಷ್ಟ್ರು ಯಾರಿಗೋ "ಇದು ರೋಟರಿ ಕಾರು" ಅಂದದ್ದು ಕೇಳಿಸಿಕೊಂಡು, ರೋಟರಿ ಕ್ಲಬ್ಬಿನೋರು ಕಣ್ಣಿನ ಆಪರೇಷನ್ನಿಗೆ ಬಂದವ್ರೆ ಅಂತ ಓಡಿಬಂದು, "ಸಾ, ಈ ಕಣ್ಣು ಮೊದ್ಲು ನೋಡಿ ಸಾ" ಅಂತ ಕಿಟಕಿಯೊಳಗೆ ಮುಖ ತೂರಿಸಿದ್ದರಲ್ಲ. ಮೇಷ್ಟ್ರು ಅಜ್ಜೀನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಾಸನದ ಆಸ್ಪತ್ರೆಗೇ ಬಿಟ್ಟು ಬಂದರು. ಅಂಥೋರಿಗೆ ನೀವು ಬೀದರಿನ ವಿಷಯ ಮುಚ್ಚಿಡೋದು ಸರಿಯಾ? ನಾನು ಹೇಳೋನಲ್ಲ, ಆದರೂ ಕೇಳ್ತಿದೀನಿ.

ಕೊಣನೂರು ಸಂತೆ ಟೆಂಪೋಗಳ ಕೆಲಸ ಮುಗಿಸಿ ಮುಂದಿನ ತಿಂಗಳು ಬರುತ್ತೀನಿ.

ನಿಮ್ಮ
ಕನಕರಾಜು


ಹೊಳೆನರಸೀಪುರ
೧–೨–೧೯೯೯

ಚಿ|| ಕನಕರಾಜುವಿಗೆ ಆಶೀರ್ವಾದ.

ಎಡಗೈ ಬರಹ. ಸಹಿಸಿಕೊಂಡು ಓದು.

ಪ್ಲಗ್ಗಿನ ಅಂತರ ಎಷ್ಟಿರಬೇಕೆಂದು ನೋಡಲು ಕಾರಿನ ಪುಸ್ತಕ ತೆಗೆದೆ. ಒಳಗೆ ಮೈತ್ರೇಯಿಯ ನೇಮಕದ ಸರ್ಕಾರಿ ಆದೇಶ ಇತ್ತು. ಹುಮನಾಬಾದು, ಮೇ ೩೧. ಎರಡು ಸಲ ಓದಿ, ಇದ್ದ ಮಡಿಕೆಯಲ್ಲೇ ಮಡಿಸಿ ಇಟ್ಟೆ. ಆ ಪುಸ್ತಕವನ್ನು ನಾನು ಇನ್ನು ಮುಟ್ಟುವುದಿಲ್ಲವೆಂದು ತಿಳಿದಿದ್ದಾಳೆ.

ಈಗ ಗಮನವಿಟ್ಟು ಕೇಳು. ಶಾಲೆಯಲ್ಲಿ ಕೇಳಲಿಲ್ಲ, ಈಗಲಾದರೂ ಕೇಳು. ಕಾರು ಓಡುತ್ತಿರುವವರೆಗೆ ನಾನು ಊರು ಬಿಡುವ ಹಾಗಿಲ್ಲ, ಮಾತು ಕೊಟ್ಟಿದ್ದೇನೆ. ನಾನು ಇಲ್ಲಿರುವವರೆಗೆ ಅವಳು ಹೋಗುವುದಿಲ್ಲ. ಹೋಗೆಂದು ಹೇಳಿದರಂತೂ ಖಂಡಿತ ಹೋಗುವುದಿಲ್ಲ, ಹಟದಲ್ಲಿ ನನ್ನ ಮಗಳೇ. ಮಾರಿದರೆ ತನಗೋಸ್ಕರ ಮಾರಿದರೆಂದು ಇಲ್ಲೇ ಕೂರುತ್ತಾಳೆ. ಆದ್ದರಿಂದ ಕಾರು ತಾನಾಗಿ ನಿಲ್ಲಬೇಕು. ಮೇ ತಿಂಗಳೊಳಗೆ ನಿಲ್ಲಬೇಕು.

ಎಂಜಿನ್ನಿನಿಂದ ಕಾರ್ಬ್ಯುರೇಟರಿಗೆ ಎಣ್ಣೆ ಒಯ್ಯುವ ಎರಡು ಸಣ್ಣ ಪೈಪುಗಳಿವೆ. ಸೀಲುಗಳು ಬದುಕಿರುವುದು ಆ ಎಣ್ಣೆಯಿಂದ. ನೀನು ಬಂದಾಗ ಅವನ್ನು ಒಳಗಿನಿಂದ ಮುಚ್ಚಿಬಿಡು. ಹೊರಗೆ ಕಾಣಬಾರದು.

ಇದನ್ನು ಬರೆಯುವ ಮುನ್ನ ಮೂರು ಹಾಳೆ ಹರಿದು ಹಾಕಿದೆ. ಎಡಗೈ ಎಂಬ ಕಾರಣಕ್ಕಲ್ಲ. ಹದಿನಾಲ್ಕು ವರ್ಷ ಸಾಕಿದ್ದೇನೆ.

ಅಂಚೆಯವನು ಹನ್ನೊಂದಕ್ಕೆ ಬರುತ್ತಾನೆ. ಆಗ ಮೈತ್ರೇಯಿ ಕಾಲೇಜಿನಲ್ಲಿರುತ್ತಾಳೆ. ಹೆದರದೆ ಉತ್ತರ ಬರೆ.

ಸಂಪತ್ಕುಮಾರ


ಅರಕಲಗೂಡು
೨೩–೨–೧೯೯೯

ಪೂಜ್ಯ ಮೇಷ್ಟ್ರ ಪಾದಗಳಿಗೆ ಕನಕರಾಜು ಮಾಡುವ ಪ್ರಣಾಮ.

ಹೇಳಿದ ಹಾಗೆ ಮಾಡಿದೆ. ಎರಡು ಪೈಪಿಗೂ ಒಳಗೆ ಬಿರಡೆ ಹೊಡೆದಿದ್ದೀನಿ. ಮೈತ್ರಮ್ಮೋರು ಪಕ್ಕದಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದರು. "ಏನ್ ಮಾಡ್ತಿದೀರಾ ಕನಕಣ್ಣ?" ಅಂದರು. "ಪೈಪು ಕ್ಲೀನ್ ಮಾಡ್ತಿದೀನಿ ಕಣಮ್ಮ" ಅಂದೆ. ನನಗೆ ನೀವು ಲೆಕ್ಕದಲ್ಲಿ ಸೊನ್ನೆ ಕೊಟ್ಟ ದಿನವೂ ಅಷ್ಟು ನಾಚಿಕೆ ಆಗಿರಲಿಲ್ಲ.

ಮೇಷ್ಟ್ರೆ, ನನಗೆ ಬರೋದು ಒಂದೇ ವಿದ್ಯೆ. ಕೆಟ್ಟಿದ್ದನ್ನ ಓಡಿಸೋದು. ಓಡೋದನ್ನ ಕೆಡಿಸು ಅಂತ ನೀವಲ್ಲದೆ ಬೇರೆ ಯಾರೇ ಹೇಳಿದ್ದರೂ ಸ್ಪಾನರ್ ಬಿಸಾಕಿ ಬರುತ್ತಿದ್ದೆ. ಇನ್ನು ಇಂಥ ಕೆಲಸ ಹೇಳಬೇಡಿ.

ನಿಮ್ಮ ಶಿಷ್ಯ
ಕನಕರಾಜು


ಹೊಳೆನರಸೀಪುರ
೧೫–೩–೧೯೯೯

ಕನಕಣ್ಣನಿಗೆ ನಮಸ್ಕಾರ.

ನೀವು ಬಂದು ಹೋದ ಮೇಲೆ ಕಾರು ಎಣ್ಣೆ ಕುಡಿಯುವುದನ್ನೇ ಬಿಟ್ಟಿದೆ. ನಾಲ್ಕು ಭಾನುವಾರ ಕಡ್ಡಿ ಅದ್ದಿ ನೋಡಿದೆ, ಗೆರೆ ಇದ್ದಲ್ಲೇ ಇದೆ. ಬೇರೆ ಕಾರಾದರೆ ಸಂತೋಷ ಪಡಬೇಕಿತ್ತು. ಆದರೆ ಈ ಕಾರು ಎಣ್ಣೆ ಕುಡಿಯದಿದ್ದರೆ ಮನೆಯವರು ಊಟ ಬಿಟ್ಟ ಹಾಗೆ ಅಂತ ಅಪ್ಪನೇ ಹೇಳಿಕೊಟ್ಟದ್ದು. ಅವರಿಗೆ ಹೇಳಿದೆ. ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು ಒರೆಸಿ ಇದ್ದಲ್ಲಿ ಇಟ್ಟರು. ನಿನ್ನೆ ಎಂಜಿನ್ನಿನಲ್ಲಿ ಒಂದು ಒಣ ಸದ್ದು ಇತ್ತು. ನನಗೇ ಕೇಳಿಸಿತು ಅಂದ ಮೇಲೆ ಅವರಿಗೆ ಕೇಳಿಸದೆ ಇರುತ್ತದೆಯೆ? ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

ಒಂದು ತಪ್ಪೊಪ್ಪಿಗೆ ಇದೆ. ಹೋದ ವಾರ ಕಾರು ಹತ್ತಿಸಿ ಶೆಡ್ಡಿನ ಬಾಗಿಲಿಗೆ ತಂದಾಗ ಕೈ ಕೀಲಿಯ ಮೇಲೇ ಇತ್ತು. ಈಗ ಆರಿಸಿದರೆ ಮುಗಿಯಿತಲ್ಲ ಅನ್ನಿಸಿತು. ಒಂದು ಸಲ ತಿರುಗಿಸಿದರೆ ಸಾಕು, ಕಾರೂ ಮುಗಿಯಿತು, ಆ ಮಾತೂ ಮುಗಿಯಿತು. ಅಪ್ಪನ ಮೇಲೆ ನನಗೆ ಕೋಪ ಬರುತ್ತದೆ, ಕನಕಣ್ಣ. ತುಂಬಾ ಬರುತ್ತದೆ. ಬೆಳಿಗ್ಗೆ ಅವರಿಗೆ ಅಂಗಿಯ ಗುಂಡಿ ಹಾಕುವಾಗ ಬರುತ್ತದೆ, ಮಧ್ಯಾಹ್ನ ಹುಡುಗಿಯರಿಗೆ ಪಾಠ ಮಾಡುವಾಗ ಬರುತ್ತದೆ. ಅಷ್ಟರಲ್ಲಿ ಅವರು ನಿಧಾನಕ್ಕೆ ನಡೆದು ಬಂದು ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟು ಹಾಕು ಅಂತ ಮಗುವಿನ ಹಾಗೆ ಎದೆ ಮುಂದೆ ಮಾಡಿದರು. ಕೈ ತೆಗೆದೆ.

ಎಣ್ಣೆಗೆ ಏನಾದರೂ ದಾರಿ ಹೇಳಿ. ನನ್ನ ಕೈಯಲ್ಲಿ ಈ ಕಾರು ಸಾಯಬಾರದು.

ಇತಿ,
ಮೈತ್ರೇಯಿ


ಅರಕಲಗೂಡು
೧೯–೩–೧೯೯೯

ಮೈತ್ರಮ್ಮೋರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಮೂರು ದಿನ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಹೀಗೆ ಮಾಡಿ. ಪೆಟ್ರೋಲ್ ಬಂಕಿನಲ್ಲಿ ಲೂನಾಕ್ಕೂ ಸ್ಕೂಟರಿಗೂ ಹಾಕೋ ಟೂ-ಟಿ ಎಣ್ಣೆ ಇರುತ್ತಲ್ಲ, ಹತ್ತು ಲೀಟರ್ ಪೆಟ್ರೋಲಿಗೆ ನೂರು ಎಂ.ಎಲ್. ನೀವೇ ಟ್ಯಾಂಕಿಗೆ ಬೆರೆಸಿ. ಸೀಲಿಗೆ ಎಣ್ಣೆ ಆ ದಾರೀಲಿ ಹೋಗುತ್ತೆ. ಒಂದು ಡಬ್ಬ ಚಂದ್ರಯ್ಯ ಡ್ರೈವರ್ ಬಸ್ಸಲ್ಲಿ ಕಳಿಸಿದ್ದೀನಿ, ಬಸ್ ಸ್ಟ್ಯಾಂಡಿನಲ್ಲಿ ಇಸಕೊಳ್ಳಿ.

ಮೇಷ್ಟ್ರಿಗೆ ಹೇಳಬೇಡಿ. ಜಪಾನಿನ ಕಾರಿಗೆ ಲೂನಾ ಎಣ್ಣೆ ಅಂದರೆ ಅವರಿಗೆ ಸಿಟ್ಟು ಬರುತ್ತೆ. ಅದು ಒಂದು ಕಾರಣ. ಇನ್ನೊಂದನ್ನ ಕೇಳಬೇಡಿ.

ಕನಕರಾಜು


ಹೊಳೆನರಸೀಪುರ
೧೯–೪–೧೯೯೯

ಕನಕರಾಜುವಿಗೆ.

ಮೇ ತಿಂಗಳು ಬಾಗಿಲಿಗೆ ಬಂದಿದೆ. ಕಾರು ಹತ್ತು ವರ್ಷ ಚಿಕ್ಕದಾಗಿದೆ. ನಿನ್ನೆ ಹಳ್ಳಿಮೈಸೂರು ರಸ್ತೆಯಲ್ಲಿ ಅವಳು ಎಳೆದ ರಭಸಕ್ಕೆ, ಎಂಜಿನ್ನು ಮಿತಿ ಮೀರಿ ಸುತ್ತಿದಾಗ ಎಚ್ಚರಿಸುವ ಗಂಟೆಯೇ ಕೂಗಿತು. ಎಣ್ಣೆ ಕಾಣದ ಎಂಜಿನ್ನು ಎರಡು ತಿಂಗಳಲ್ಲಿ ಗುಣವಾಗುವುದು ಯಾವ ಶಾಸ್ತ್ರ?

ಇಳಿದ ಮೇಲೆ ಹಿಂದೆ ಹೋಗಿ ನಿಂತೆ. ಹೊಗೆಯಲ್ಲಿ ಲೂನಾ ವಾಸನೆ. ನನ್ನ ಕೈ ಬಿದ್ದಿದೆ, ನಾಲಿಗೆ ಬಿದ್ದಿದೆ, ಮೂಗು ಬಿದ್ದಿಲ್ಲ.

ನೀನೇ ತಾನೆ ಹೇಳಿಕೊಟ್ಟದ್ದು?

ನಿನ್ನ ಮೇಲೆ ಕೋಪ ಬಂದಿದೆ. ಅದಕ್ಕಿಂತ ನನ್ನ ಮೇಲೆ ಬಂದಿದೆ. ಆ ಗಂಟೆ ಕೂಗಿದಾಗ ನನಗೆ ಖುಷಿಯಾಯಿತು. ಮಗಳ ಬದುಕು ಕೈಬಿಟ್ಟು ಹೋಗುತ್ತಿದೆ, ಮುದುಕ ಎಂಜಿನ್ ಸದ್ದು ಕೇಳಿ ಹಿಗ್ಗುತ್ತಾನೆ.

ಸಂಪತ್ಕುಮಾರ


ಅರಕಲಗೂಡು
೨೪–೪–೧೯೯೯

ಪೂಜ್ಯ ಮೇಷ್ಟ್ರಿಗೆ.

ನಾನೇ ಹೇಳಿಕೊಟ್ಟದ್ದು. ಬೈಯಿರಿ.

ನೀವು ಪೈಪು ಮುಚ್ಚು ಅಂದಿರಿ, ಮುಚ್ಚಿದೆ. ಅವರು ಕಾರು ಉಳಿಸಿ ಅಂದರು, ಉಳಿಸಿದೆ. ನೀವು ಅವರಿಗೋಸ್ಕರ ಕೊಲ್ಲಕ್ಕೆ ಹೊರಟಿದ್ದೀರಿ, ಅವರು ನಿಮಗೋಸ್ಕರ ಬದುಕಿಸಕ್ಕೆ ಹೊರಟಿದ್ದಾರೆ, ನಡುವೆ ಇಬ್ಬರಿಗೂ ಸುಳ್ಳು ಹೇಳಿಕೊಂಡು ನಾನು ನಿಂತಿದ್ದೀನಿ. ಒಂದೇ ಮನೆಯೊಳಗೆ ಎರಡು ಮಾತು ಆಡಿಕೊಂಡರೆ ಮುಗಿಯೋದಕ್ಕೆ ಅರಕಲಗೂಡಿನ ಅಂಚೆ ಪೆಟ್ಟಿಗೆ ಯಾಕೆ ಬೇಕು ಅಂತ ನನ್ನ ಹೆಂಡತಿ ಪುಟ್ಟಲಕ್ಷ್ಮಿ ಕೇಳುತ್ತಾಳೆ. ಅವಳಿಗೆ ನಿಮ್ಮಿಬ್ಬರ ಹಟ ಗೊತ್ತಿಲ್ಲ.

ಇನ್ನೇನು ಮಾಡಬೇಕೋ ನೀವೇ ಮಾಡಿ. ನನ್ನ ಕೈಲಾಗಲ್ಲ.

ಕನಕರಾಜು


ಹೊಳೆನರಸೀಪುರ
೧೮–೫–೧೯೯೯

ಕನಕಣ್ಣನಿಗೆ ನಮಸ್ಕಾರ.

ಬರಲಾಗುವುದಿಲ್ಲ ಅಂತ ಇಲಾಖೆಗೆ ಪತ್ರ ಬರೆದು, ಸೋಮವಾರ ಅಂಚೆಗೆ ಹಾಕೋಣ ಅಂತ ಆದೇಶದ ಜೊತೆ ಕಾರಿನ ಪುಸ್ತಕದಲ್ಲಿ ಇಟ್ಟಿದ್ದೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಒಳಗೆ ಜಡೆ ಹಾಕಿಕೊಳ್ಳುತ್ತಿದ್ದಾಗ ಶೆಡ್ಡಿನಲ್ಲಿ ಎಂಜಿನ್ ಹತ್ತಿದ ಸದ್ದು. ತಕ್ಷಣ ಆರಿತು. ಮತ್ತೆ ಹತ್ತಿತು, ಆರಿತು. ಹೀಗೇ ನಾಲ್ಕೈದು ಸಲ. ಆಮೇಲೆ ಬರೀ ಕೊಸಕೊಸ ಅನ್ನುವ ಸದ್ದು. ಓಡಿಹೋದೆ.

ಅಪ್ಪ ಡ್ರೈವರ್ ಸೀಟಿನಲ್ಲಿದ್ದರು. ಎರಡು ವರ್ಷದ ಮೇಲೆ ಆ ಸೀಟಿನಲ್ಲಿ. ಬಿದ್ದ ಬಲಗೈ ತೊಡೆಯ ಮೇಲೆ, ಎಡಗೈ ಸ್ಟೀರಿಂಗಿನ ಆಚೆ ಚಾಚಿ ಕೀಲಿ ಹಿಡಿದಿತ್ತು. ಮುಖವೆಲ್ಲ ಬೆವರು, ಶೆಡ್ಡಿನ ತುಂಬಾ ಪೆಟ್ರೋಲ್ ವಾಸನೆ. ನನ್ನನ್ನು ನೋಡಿ ಕೀಲಿಯನ್ನು ಇನ್ನೊಂದು ಸಲ ತಿರುಗಿಸಿದರು. ನಾನು ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತೆ. ಏನು ಮಾಡಬೇಕು ಅಂತ ತಿಳಿಯಲಿಲ್ಲ, ಬೆಲ್ಟು ಹಾಕಿಕೊಂಡೆ.

ಅಪ್ಪ ಸ್ಲೇಟು ಎತ್ತಿಕೊಂಡು ಬರೆದರು: "ಮರೆತೆ." ಹದಿನೇಳರ ಮಗ್ಗಿಯಲ್ಲಿ ಯಾರು ಯಾವ ವರ್ಷ ಎಲ್ಲಿ ತಪ್ಪಿದರು ಅಂತ ಇವತ್ತೂ ನೆನಪಿಟ್ಟಿರುವವರು, ಕಾರಿನ ಮೊದಲನೇ ನಿಯಮ ಮರೆತರಂತೆ. ಅದನ್ನು ಅಳಿಸಿ, "ಗೋದಾಗೆ ಬರೆ" ಅಂತ ಬರೆದರು. ಅದನ್ನೂ ಅಳಿಸಿ ಬರೆದದ್ದು: "ಹುಮನಾಬಾದಿನಲ್ಲಿ ಬಿಸಿಲು ಜಾಸ್ತಿ. ಕೊಡೆ ತೆಗೆದುಕೋ."

ನಾನು ಅತ್ತೆ. ಅವರೂ ಅತ್ತರು. ಆಮೇಲೆ ಒಳಗೆ ಹೋಗಿ ಉಪ್ಪಿಟ್ಟು ತಿಂದೆವು.

ಕನಕಣ್ಣ, ಬಂದು ನೋಡಿ. ಕಾರು ಏಳುವ ಹಾಗಿದ್ದರೆ ಅವರ ಮಾತು ಅವರನ್ನು ಇಲ್ಲೇ ಕಟ್ಟಿಹಾಕುತ್ತದೆ, ಅವರು ಒಬ್ಬರೇ ಇಲ್ಲಿ ಉಳಿದರೆ ನಾನು ಹೋಗಲಾರೆ. ೨೪ಕ್ಕೆ ನಾನು ವೈದ್ಯಕೀಯ ಸರ್ಟಿಫಿಕೇಟಿಗೆ ಹಾಸನಕ್ಕೆ ಹೋಗುತ್ತೇನೆ. ಆ ದಿನ ಬಂದು, ನೋಡಿದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಹೋಗಿ. ನಿಜವನ್ನೇ ಬರೆಯಿರಿ. ಸತ್ತಿದೆ ಅಂತ ಬರೆಯುವ ಹಾಗಾಗಲಿ ಅಂತ ನಾನು ದೇವರಿಗೆ ಕೈ ಮುಗಿಯುತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆ.

ಇತಿ,
ಮೈತ್ರೇಯಿ


ಅರಕಲಗೂಡು
೨೬–೫–೧೯೯೯

ಪೂಜ್ಯ ಮೇಷ್ಟ್ರ ಪಾದಗಳಿಗೆ.

ಮೊನ್ನೆ ನಿಮ್ಮ ಮುಂದೆ ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೀನಿ.

ಏಳಲ್ಲ ಅಂದುಕೊಂಡೇ ನಾನು ಪ್ಲಗ್ಗು ಬಿಚ್ಚಿದ್ದು. ಒಳಗಿನ ಪೆಟ್ರೋಲೆಲ್ಲ ಹೊರಗೆ ಬಿಟ್ಟು, ಪ್ಲಗ್ಗನ್ನ ನಿಮ್ಮ ಅಡಿಗೆ ಮನೆ ಒಲೆ ಮೇಲೆ ಒಣಗಿಸಿ, ಹೊಸ ಬ್ಯಾಟರಿ ಕೊಟ್ಟು ಸುಮ್ಮನೆ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಹತ್ತಿಕೊಂಡುಬಿಡ್ತು. ಎಂಥಾ ಸದ್ದು ಮೇಷ್ಟ್ರೆ! ಲೂನಾ ಎಣ್ಣೆ ಸೀಲಿಗೆ ಚೆನ್ನಾಗಿ ಹಿಡಿದಿದೆ. ನಾನು ಖುಷಿಯಲ್ಲಿ ನಿಮ್ಮ ಕಡೆ ತಿರುಗಿದರೆ ನೀವು ಎಡಗೈ ಎತ್ತಿ, "ನಿಲ್ಸು" ಅಂದಿರಿ. ಎರಡು ವರ್ಷದಲ್ಲಿ ನಿಮ್ಮ ಬಾಯಲ್ಲಿ ನೆಟ್ಟಗೆ ಬಂದ ಮೊದಲ ಮಾತು ಅದೇ ಇರಬೇಕು.

"ಇನ್ನೂ ಬಿಸಿ ಆಗಿಲ್ಲ ಮೇಷ್ಟ್ರೆ" ಅಂದೆ.

"ನಿಲ್ಸು" ಅಂದಿರಿ.

ತಣ್ಣಗಿದ್ದಾಗಲೇ ನಿಲ್ಲಿಸಿದೆ. ಆಮೇಲೆ ನಾವಿಬ್ಬರೂ ಮೈತ್ರಮ್ಮೋರ ಹಾಸನದ ಬಸ್ಸು ಬರೋದರೊಳಗೆ ಮೊರದಲ್ಲಿ ಬೀಸಿ ಬೀಸಿ ಹೊಗೆ ಓಡಿಸಿದ್ದನ್ನ ನೆನೆದರೆ ನಗು ಬರುತ್ತೆ. ಬೇರೆ ಯಾವುದಕ್ಕೂ ನಗು ಬರೋದಿಲ್ಲ. "ಎಂಜಿನ್ ಸತ್ತಿದೆ. ಏಳುವುದಿಲ್ಲ. ಕನಕರಾಜು." ಓಡೋ ಎಂಜಿನ್ನಿನ ಮೇಲೆ ಹೀಗೆ ನನ್ನ ಕೈಯಲ್ಲಿ ಬರೆಸಿದಿರಿ. ಕಾರು ಓಡುತ್ತಿದ್ದರೂ ನೀವು ಊರು ಬಿಡುತ್ತಿದ್ದೀರಿ. ಕೊಟ್ಟ ಮಾತಿಗೆ ನೀವು ತಪ್ಪಿದ್ದನ್ನ ನೋಡಿದೋನು ನಾನೊಬ್ಬನೇ, ಇದು ನನ್ನ ಜೊತೆಗೇ ಹೋಗುತ್ತೆ.

ಶೆಡ್ಡಿನ ಬೀಗದ ಕೈ ನನ್ನ ಹತ್ತಿರ ಇದೆ. ಪೈಪಿನ ಬಿರಡೆ ಕಿತ್ತು ಹಾಕಿದ್ದೀನಿ. ಅದಕ್ಕೆ ನಿಮ್ಮ ಅಪ್ಪಣೆ ಕೇಳಲಿಲ್ಲ.

ಕನಕರಾಜು


ಚನ್ನರಾಯಪಟ್ಟಣ
೪–೭–೧೯೯೯

ಚಿ|| ಮೈತ್ರೇಯಿಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರ ತಲುಪಿತು. ಕಾಲೇಜಿನ ಮುಂದೆ ಬೇವಿನ ಮರ ಇದೆ ಎಂದು ಬರೆದಿದ್ದೀಯೆ, ನೆಮ್ಮದಿಯಾಯಿತು. ಅಲ್ಲಿಯ ಕನ್ನಡಕ್ಕೆ ನೀನು ನಗಬೇಡ, ನಿನ್ನ ಕನ್ನಡಕ್ಕೆ ಅವರು ನಗುತ್ತಿರುತ್ತಾರೆ. ಮೊದಲ ಬೆಂಚಿನವರಿಗೆ ಮಾತ್ರ ಪಾಠ ಮಾಡಬೇಡ.

ಗೋದಾ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಮೂರು ಹೊತ್ತೂ ಮಾತಾಡುತ್ತಾಳೆ, ಉತ್ತರ ಕೊಡಲಾರದವನು ಸಿಕ್ಕಿದ್ದೇನೆ. ಜಗಲಿಯಲ್ಲಿ ನನಗೊಂದು ಕುರ್ಚಿ ಇದೆ. ಬೀದಿಯಲ್ಲಿ ಬೆಳಿಗ್ಗೆ ಹದಿನಾಲ್ಕು ಸೈಕಲ್ಲು ಹೋಗುತ್ತವೆ, ಸಂಜೆ ಹದಿನಾಲ್ಕು ವಾಪಸು ಬರುತ್ತವೆ. ಭಾನುವಾರ ಒಂಬತ್ತಕ್ಕೆ ಮಾತ್ರ ಅಭ್ಯಾಸ ಬಲದಿಂದ ಚಪ್ಪಲಿ ಹಾಕಿಕೊಂಡು ಕೂತುಬಿಡುತ್ತೇನೆ. ಎಲ್ಲಿಗೆಂದು ಗೋದಾ ಕೇಳುತ್ತಾಳೆ. ಬಿಚ್ಚಿಡುತ್ತೇನೆ.

ಕನಕರಾಜು ಭಾನುವಾರಗಳಲ್ಲಿ ಹೊಳೆನರಸೀಪುರಕ್ಕೆ ಹೋಗಿ, ಶೆಡ್ಡಿಗೆ ಇಲಿ ಸೇರದಂತೆ ನೋಡಿಕೊಂಡು, ಮಧ್ಯಾಹ್ನ ಇಲ್ಲಿಗೆ ಬಂದು ಹೋಗುತ್ತಾನೆ. ಅವನ ಅಂಗಿಯೆಲ್ಲ ಹೊಗೆ ವಾಸನೆ. ಗೋದಾ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾಳೆ. ನಾನು ಹತ್ತಿರ ಕೂರಿಸಿಕೊಳ್ಳುತ್ತೇನೆ.

ಈ ಪತ್ರಕ್ಕೆ ನಾಲ್ಕು ದಿನ ಹಿಡಿಯಿತು. ಅಕ್ಷರ ಮೊದಲಿಗಿಂತ ಕೆಟ್ಟಿದ್ದರೆ ಅದು ಪೆನ್ನಿನ ದೋಷ, ಗಾಬರಿಯಾಗಿ ರಜಾ ಹಾಕಿ ಬರಬೇಡ. ದೀಪಾವಳಿಗೆ ಬಂದರೆ ಸಾಕು.

ಪತ್ರದ ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿದ್ದೀಯೆ, ಕಾರಿನದೊಂದು, ಡಾಕ್ಟರು ಹೆಸರಿಟ್ಟ ಗಾಡಿಯದೊಂದು. ಎರಡಕ್ಕೂ ಉತ್ತರ ಬರೆದು ಮುಗಿಸುತ್ತೇನೆ.

ಕಾರು ಮತ್ತೆ ಏಳಲೇ ಇಲ್ಲ. ಗಾಡಿ ಚೆನ್ನಾಗಿ ಓಡುತ್ತಿದೆ.

ನಿನ್ನ ಅಪ್ಪ
ಸಂಪತ್ಕುಮಾರ